ನೆಲದ ಸೆಳೆತ, ಮೈಯ ಕಾವು

ಮೂವತ್ತು ವರ್ಷಕ್ಕೂ ಮಿಕ್ಕಿ ವೈದ್ಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರದ ಪಾಠ ಹೇಳಿದವನು ನಾನು. ಆ ಪಾಠಗಳಲ್ಲಿ ಒಂದು ವಾಕ್ಯವನ್ನು ಪ್ರತಿವರ್ಷವೂ ತಪ್ಪದೆ, ಒಂದಕ್ಷರ ಆಚೀಚೆಯಾಗದಂತೆ, ಮಂತ್ರ ಹೇಳಿದ ಹಾಗೆ ಹೇಳುತ್ತಿದ್ದೆ: "ಹೊರಗಿನ ಹವೆ ಹೇಗೇ ಇರಲಿ, ಸಸ್ತನಿಗಳ ದೇಹದ ಉಷ್ಣತೆ ಸ್ಥಿರವಾಗಿರುತ್ತದೆ, ಮನುಷ್ಯನಲ್ಲಿ ಅದು ಸುಮಾರು 37 ಡಿಗ್ರಿ ಸೆಲ್ಸಿಯಸ್." ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಿದ್ದರು, ನಾನು ಮುಂದಕ್ಕೆ ಹೋಗುತ್ತಿದ್ದೆ.

1984ರ ಮಳೆಗಾಲದಲ್ಲಿ ಒಂದು ದಿನ ಹಾಗೆ ಮುಂದಕ್ಕೆ ಹೋಗಲಾಗಲಿಲ್ಲ. ಆ ವರ್ಷ ಏಪ್ರಿಲಿನಲ್ಲಿ ರಾಕೇಶ ಶರ್ಮರು ಸೋವಿಯತ್ ನೌಕೆಯನ್ನೇರಿ ಸುಮಾರು ಎಂಟು ದಿನ ಅಂತರಿಕ್ಷದಲ್ಲಿದ್ದು ಮರಳಿದ್ದರು. ದೇಶವೆಲ್ಲ ಅದೇ ಮಾತು. ನಾನು ವಾಕ್ಯ ಮುಗಿಸಿದೊಡನೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. "ಸಾರ್, ತೂಕವೇ ಇಲ್ಲದ ಕಡೆ ಹೋದಾಗಲೂ ಶರ್ಮ ಅವರಿಗೆ ಮೂವತ್ತೇಳೇ ಇತ್ತೆ?" ಎಂದ. "ಜ್ವರ ಬಂದಿರದಿದ್ದರೆ ಮೂವತ್ತೇಳೇ ಇರುತ್ತದೆ ಕಣಯ್ಯ. ಮೈಯ ಕಾವಿಗೂ ತೂಕಕ್ಕೂ ಏನು ನಂಟು? ಕೂತುಕೋ" ಎಂದೆ. ತರಗತಿ ನಕ್ಕಿತು. ಹುಡುಗ ಕೂತ.

ನಂಟು ಉಂಟು. ಅದು ಎಂಥದೆಂದು ಈ ಹದಿನೈದು ನಿಮಿಷಗಳಲ್ಲಿ ನಿಮಗೆ ಹೇಳಬೇಕೆಂದಿದ್ದೇನೆ.

ಮೊದಲು ಆ ಮೂವತ್ತೇಳರ ವಿಚಾರ. ಜರ್ಮನಿಯ ವೈದ್ಯ ಕಾರ್ಲ್ ವುಂಡರ್‌ಲಿಖ್ ಸಾವಿರಾರು ರೋಗಿಗಳ ಕಂಕುಳಲ್ಲಿ ಉಷ್ಣಮಾಪಕವಿಟ್ಟು, ವರ್ಷಗಟ್ಟಲೆ ಲೆಕ್ಕವಿಟ್ಟು, 1868ರಲ್ಲಿ ಪುಸ್ತಕ ಪ್ರಕಟಿಸಿದ. ಆ ಸಂಖ್ಯೆ ಲೋಕದಲ್ಲಿ ನೆಲೆಯಾದದ್ದು ಅಲ್ಲಿಂದ. ಅದು ಕಲ್ಲಿನಲ್ಲಿ ಕೊರೆದ ಗೆರೆಯೇನೂ ಅಲ್ಲ. ಬೆಳಗಿನ ಜಾವ ಮೈ ಸ್ವಲ್ಪ ತಣ್ಣಗಿರುತ್ತದೆ, ಸಂಜೆಗೆ ಅರ್ಧ ಡಿಗ್ರಿಯೋ ಅದಕ್ಕೂ ಕೊಂಚ ಹೆಚ್ಚೋ ಏರಿರುತ್ತದೆ. ಮರುದಿನ ಮತ್ತೆ ಅದೇ ಏರಿಳಿತ. ಈ ದಿನಚರಿ ಇಲಿಗೂ ಉಂಟು, ಕೋತಿಗೂ ಉಂಟು. ಇರುಳು ಸಂಚರಿಸುವ ಇಲಿಯಲ್ಲಿ ಮಾತ್ರ ಏರುವ ಹೊತ್ತು ರಾತ್ರಿ.

ಸ್ಥಿರತೆ ಎಂದರೆ ಸುಮ್ಮನೆ ಇರುವುದೆಂದು ತಿಳಿಯಬಾರದು. ಅದು ಆಯವ್ಯಯದ ಲೆಕ್ಕ. ಸುಮ್ಮನೆ ಕುಳಿತ ಮನುಷ್ಯ ಹೆಚ್ಚುಕಡಮೆ ನೂರು ವಾಟಿನ ಹಳೆಯ ಬಲ್ಬಿನಷ್ಟು ಶಾಖವನ್ನು ಹುಟ್ಟಿಸುತ್ತಿರುತ್ತಾನೆ. ಹುಟ್ಟಿದ್ದೆಲ್ಲ ಒಳಗೇ ಉಳಿದರೆ ಗಂಟೆಗೆ ಒಂದು ಡಿಗ್ರಿಗೂ ಮೀರಿ ಮೈ ಬಿಸಿಯಾಗುತ್ತ ಹೋಗಬೇಕು. ಊಟ ಮಾಡಿ ಮಲಗಿದವನು ಬೆಳಗಾಗುವುದರೊಳಗೆ ಸತ್ತಿರಬೇಕು. ಹಾಗಾಗದಿರುವುದಕ್ಕೆ ಕಾರಣ, ಮಿದುಳಿನ ತಳದಲ್ಲಿ ಕುಳಿತಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗ. ಬಿಸಿಯಾದರೆ ಅದು ಚರ್ಮದ ರಕ್ತನಾಳಗಳನ್ನು ಅಗಲಿಸುತ್ತದೆ, ಬೆವರಿಳಿಸುತ್ತದೆ. ಚಳಿಯಾದರೆ ನಾಳಗಳನ್ನು ಮುದುಡಿಸುತ್ತದೆ, ನಡುಕ ಹುಟ್ಟಿಸುತ್ತದೆ, ಕಂದುಗೊಬ್ಬೆಂಬ ವಿಶೇಷ ಕೊಬ್ಬನ್ನು ಉರಿಸುತ್ತದೆ. ಹಳೆಯ ಕಾಲದ ಗೃಹಿಣಿ ಕಣ್ಣಂದಾಜಿನಲ್ಲೇ ಒಲೆಗೆ ಸೌದೆ ಒಟ್ಟಿ, ಎಳೆದು, ಹಾಲು ಉಕ್ಕದಂತೆ ನೋಡಿಕೊಳ್ಳುತ್ತಿದ್ದಳಲ್ಲ, ಅಂಥ ಜಾಣ್ಮೆ.

ಬೆವರಿನ ಶಕ್ತಿ ಎಷ್ಟೆಂಬುದನ್ನು ಲಂಡನ್ನಿನ ಚಾರ್ಲ್ಸ್ ಬ್ಲಾಗ್ಡನ್ ಎಂಬ ವೈದ್ಯ ತನ್ನ ಮೈಯಲ್ಲೇ ಪರೀಕ್ಷಿಸಿ 1775ರಲ್ಲಿ ವರದಿ ಮಾಡಿದ. ನೀರು ಕುದಿಯುವ ಉಷ್ಣತೆಯನ್ನೂ ಮೀರಿ ಕಾಯಿಸಿದ್ದ ಒಣ ಕೊಠಡಿಯೊಳಕ್ಕೆ ಅವನೂ ಅವನ ಗೆಳೆಯರೂ ಹೊಕ್ಕರು. ಒಂದು ನಾಯಿಯನ್ನೂ, ನೆಲಕ್ಕೆ ತಾಗಿ ಕಾಲು ಸುಡದಿರಲೆಂದು ಬುಟ್ಟಿಯಲ್ಲಿ ಕೂರಿಸಿ, ಒಳಗಿಟ್ಟರು. ಅದೇ ಕೊಠಡಿಯಲ್ಲಿ ಮೊಟ್ಟೆ ಬೆಂದು ಗಟ್ಟಿಯಾಯಿತು, ಮಾಂಸದ ತುಂಡು ಬೆಂದಿತು. ನಾಯಿಯೂ ಮನುಷ್ಯರೂ ಕ್ಷೇಮವಾಗಿ ಹೊರಗೆ ಬಂದರು. ಒಂದು ಲೀಟರು ಬೆವರು ಪೂರ್ತಿಯಾಗಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಆದರೆ ಬೆವರು ಆರಬೇಕು. ಆರುವುದಕ್ಕೆ ಗಾಳಿ ಆಡಬೇಕು. ಗಾಳಿ ತಾನಾಗಿ ಆಡುವುದಕ್ಕೆ ಭೂಮಿಯ ಸೆಳೆತ ಬೇಕು. ನಾನು ತರಗತಿಯಲ್ಲಿ ಮರೆತದ್ದು ಈ ಕಡೆಯ ಕೊಂಡಿಯನ್ನು.

ಬಿಸಿಗಾಳಿ ಮೇಲೇರುತ್ತದೆ ಎಂಬುದು ನಮಗೆ ಎಷ್ಟು ಸಹಜವೆಂದರೆ, ಅದಕ್ಕೊಂದು ಕಾರಣ ಬೇಕೆಂದೇ ತೋರುವುದಿಲ್ಲ. ತಣ್ಣನೆಯ ಗಾಳಿ ಭಾರ, ಬಿಸಿಗಾಳಿ ಹಗುರ. ಭಾರವಾದದ್ದು ಕೆಳಗಿಳಿದು ಹಗುರವಾದದ್ದನ್ನು ಮೇಲಕ್ಕೆ ತಳ್ಳುತ್ತದೆ. ನಮ್ಮ ಮೈಯ ಸುತ್ತಲೂ ಇಂಥದೊಂದು ತೆಳುವಾದ ಗಾಳಿಯ ಹೊಳೆ ಪಾದದಿಂದ ನೆತ್ತಿಯವರೆಗೆ ಸದಾ ಹರಿಯುತ್ತಿರುತ್ತದೆ. ಭಾರ ಹಗುರಗಳ ಭೇದವೇ ಅಳಿದ ಕಡೆ ಈ ಹೊಳೆ ನಿಂತುಹೋಗುತ್ತದೆ. ಅಂತರಿಕ್ಷ ನೌಕೆಯಲ್ಲಿ ಹಚ್ಚಿದ ಮೇಣದಬತ್ತಿಯ ಜ್ವಾಲೆ ನಮ್ಮ ದೀಪದ ಕುಡಿಯಂತೆ ಮೇಲಕ್ಕೆ ಚಾಚುವುದಿಲ್ಲ. ಮಂಕಾದ ನೀಲಿ ಗೋಳವಾಗಿ ಬತ್ತಿಯನ್ನು ಕವಿದುಕೊಳ್ಳುತ್ತದೆ. ದೇವರ ಮುಂದಿನ ನಂದಾದೀಪಕ್ಕೆ ಅಲ್ಲಿ ಕುಡಿಯೇ ಇರದು!

ಇಲ್ಲಿ ಒಂದು ಮಾತು ಸೇರಿಸಬೇಕು. ಅಂತರಿಕ್ಷ ನಿಲ್ದಾಣ ಇರುವ ನಾನೂರು ಕಿಲೋಮೀಟರು ಎತ್ತರದಲ್ಲಿ ಭೂಮಿಯ ಸೆಳೆತವೇನೂ ಇಲ್ಲವಾಗಿರುವುದಿಲ್ಲ. ನೆಲದ ಮೇಲಿನ ಹತ್ತರಲ್ಲಿ ಒಂಬತ್ತು ಪಾಲು ಇದ್ದೇ ಇದೆ. ಹಗ್ಗ ಹರಿದು ಬಾವಿಗೆ ಬೀಳುವ ಕೊಡವೂ ಅದರೊಳಗಿನ ನೀರೂ ಒಟ್ಟಿಗೆ ಬೀಳುತ್ತವೆ. ಬೀಳುವಷ್ಟು ಹೊತ್ತು ಕೊಡಕ್ಕೆ ನೀರಿನ ಭಾರವಿಲ್ಲ. ನಿಲ್ದಾಣವೂ ಹಾಗೆಯೇ ಎಡೆಬಿಡದೆ ಬೀಳುತ್ತಿದೆ, ಆದರೆ ಭೂಮಿಯ ಸುತ್ತ.

ಅಲ್ಲಿ ಯಂತ್ರಪಂಖಗಳು ಹಗಲಿರುಳೂ ತಿರುಗುತ್ತಿರಬೇಕು. ಇಲ್ಲವಾದರೆ ಮಲಗಿದವನು ಬಿಟ್ಟ ಉಸಿರೇ ಅವನ ಮೂಗಿನ ಮುಂದೆ ಮಡುಗಟ್ಟುತ್ತದೆ. ಬೆವರು ಕೆಳಗೆ ತೊಟ್ಟಿಕ್ಕುವುದಿಲ್ಲ. ಚರ್ಮಕ್ಕೆ ಪೊರೆಯಂತೆ ಅಂಟಿಕೊಂಡು ದಪ್ಪವಾಗುತ್ತ ಹೋಗುತ್ತದೆ. ಅದನ್ನು ಬಟ್ಟೆಯಿಂದ ಒರೆಸಿಕೊಳ್ಳುತ್ತಾರೆ. ಒರೆಸಿದ್ದು ಗಾಳಿಗೆ ಸೇರಿ, ಯಂತ್ರದಲ್ಲಿ ಶುದ್ಧವಾಗಿ, ಮತ್ತೆ ಕುಡಿಯುವ ನೀರಾಗುತ್ತದೆ. ಮಡಿವಂತರಿಗೆ ಹೇಳಿದ ಊರಲ್ಲ ಅದು.

ಮೈಯ ಶಾಖ ಹೊರಹೋಗಲು ದಾರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1966ರ ಜೂನಿನಲ್ಲಿ ಅಮೆರಿಕದ ಯೂಜೀನ್ ಸರ್ನನ್ ಸಾಕ್ಷಿಯಾದರು. ಜೆಮಿನಿ ನೌಕೆಯಿಂದ ಹೊರಬಂದು ಎರಡು ಗಂಟೆಯ ಕಾಲ ತೇಲುತ್ತ ಕೆಲಸ ಮಾಡಿದರು. ಕಾಲೂರಲು ನೆಲವಿಲ್ಲದವನಿಗೆ ಒಂದು ತಿರುಪು ತಿರುಗಿಸುವುದೂ ಮಲ್ಲಯುದ್ಧವೇ. ಅವರ ಕವಚಕ್ಕೆ ತಂಪು ಕೊಡುತ್ತಿದ್ದುದು ಬರಿಯ ಗಾಳಿ, ಅದು ಸಾಲಲಿಲ್ಲ. ಎದೆಬಡಿತ ನಿಮಿಷಕ್ಕೆ 180ರ ಸಮೀಪಕ್ಕೆ ಏರಿತು; ಮುಖದ ಗಾಜು ಒಳಗಿನಿಂದ ಮಂಜುಗಟ್ಟಿ ಕಣ್ಣು ಕಾಣದಾಯಿತು. ಕೆಲಸವನ್ನು ಅರ್ಧಕ್ಕೆ ಬಿಟ್ಟು, ಕುರುಡರಂತೆ ತಡವಿಕೊಂಡು ಒಳಗೆ ಸೇರಿದರು. ಚಂದ್ರನ ಮೇಲೆ ನಡೆದವರ ಕವಚದೊಳಗಾದರೋ ತಣ್ಣೀರು ಹರಿಯುವ ಸಣ್ಣ ಸಣ್ಣ ನಳಿಗೆಗಳ ಒಳ ಉಡುಪು ಇತ್ತು.

ಇದಿಷ್ಟೇ ಆಗಿದ್ದರೆ ವಿಷಯ ಭೌತಶಾಸ್ತ್ರದವರದು, ನನ್ನದಲ್ಲ ಎಂದು ನಾನು ಈಗಲೂ ಜಾರಿಕೊಳ್ಳಬಹುದಿತ್ತು. ಆದರೆ ಕಥೆ ಇನ್ನೊಂದು ತುದಿಯಿಂದಲೂ ಉಂಟು. ತೂಕವನ್ನು ಕಳೆಯುವುದಕ್ಕೆ ಬದಲಾಗಿ ಕೂಡಿಸಿದರೆ?

ಜಾತ್ರೆಯಲ್ಲಿ ಗಿರಗಿರನೆ ಸುತ್ತುವ ಕುದುರೆಯಾಟದಲ್ಲಿ ಕೂತವರಿಗೆ ಹೊರಕ್ಕೆ ಎಸೆದಂತಾಗುವುದು ಗೊತ್ತೇ ಇದೆ. ಅದೇ ತತ್ವದಲ್ಲಿ ಉದ್ದನೆಯ ತೋಳುಗಳ ತುದಿಗೆ ಪಂಜರಗಳನ್ನು ತೂಗುಬಿಟ್ಟು, ವಾರಗಟ್ಟಲೆ ನಿಲ್ಲಿಸದೆ ಸುತ್ತಿಸುವ ಯಂತ್ರಗಳುಂಟು. ಕ್ಯಾಲಿಫೋರ್ನಿಯದಲ್ಲಿ ಏಮ್ಸ್ ಸಂಶೋಧನ ಕೇಂದ್ರದ ಜಿರೊ ಓಯಾಮ, ಡೇವಿಸ್ ವಿಶ್ವವಿದ್ಯಾಲಯದ ಆರ್ಥರ್ ಸ್ಮಿತ್, ಅವರ ಬಳಿಕ ಚಾರ್ಲ್ಸ್ ಫುಲ್ಲರ್ ಮೊದಲಾದವರು ಇಲಿಗಳನ್ನೂ ಇತರ ಪ್ರಾಣಿಗಳನ್ನೂ ಹೀಗೆ ಸಾಕಿ ನೋಡಿದರು. ಇಮ್ಮಡಿ ಗುರುತ್ವದಲ್ಲಿ ಮುನ್ನೂರು ಗ್ರಾಮಿನ ಇಲಿ ಆರುನೂರು ಗ್ರಾಮಾಗುತ್ತದೆ. ಅದರ ಕಾಲು, ತಲೆ, ಕರುಳು, ರಕ್ತ ಎಲ್ಲವೂ ಇಮ್ಮಡಿ ಭಾರ.

ಈಗ ನೀವೇ ಊಹಿಸಿ. ಹೊರೆ ಹೊತ್ತವನ ಮೈ ಬಿಸಿಯಾಗಬೇಕಲ್ಲವೆ? ನಾನಾದರೂ ಹಾಗೆಯೇ ಊಹಿಸುತ್ತಿದ್ದೆ. ಆದದ್ದು ವಿಪರೀತ. ಯಂತ್ರ ಸುತ್ತತೊಡಗಿದ ಕೆಲವೇ ಗಂಟೆಗಳಲ್ಲಿ ಇಲಿಯ ಒಳಮೈಯ ಉಷ್ಣತೆ ಕೆಳಗಿಳಿಯಿತು, ಅದೂ ಒಂದೆರಡು ಡಿಗ್ರಿಗಳಷ್ಟು. ಊಟ ಬಿಟ್ಟಿತು, ಓಡಾಟ ಬಿಟ್ಟಿತು. ಹಗಲಿರುಳಿನ ಏರಿಳಿತ ಸಪಾಟಾಯಿತು. ಕೆಲವು ದಿನಗಳಲ್ಲಿ ಸರಾಸರಿ ಉಷ್ಣತೆ ಮೊದಲಿನ ಮಟ್ಟಕ್ಕೆ ಹಿಂತಿರುಗಿತು. ಆದರೆ ದಿನದ ಲಯ ಅಷ್ಟು ಬೇಗ ಹಿಂತಿರುಗಲಿಲ್ಲ. ಸುತ್ತುವ ಇಲಿಯನ್ನು ಜೊತೆಗೆ ಚಳಿಯಲ್ಲೂ ಇಟ್ಟರೆ ಸ್ಥಿತಿ ಇನ್ನೂ ಕೆಟ್ಟದ್ದು. ಇಲಿಗೆ ಬಾಲವೇ ಶಾಖ ಚೆಲ್ಲುವ ಕಿಟಕಿ. ಚಳಿಯಲ್ಲಿ ಆ ಕಿಟಕಿ ಮುಚ್ಚಬೇಕು, ಒಳಗೆ ಒಲೆ ಜೋರಾಗಬೇಕು. ಸುತ್ತುವ ಇಲಿಗೆ ಅದು ಸರಿಯಾಗಿ ಸಾಧ್ಯವಾಗದೆ ಮೈ ತಣ್ಣಗಾಗುತ್ತ ಹೋಯಿತು.

ಏಕೆ ಹೀಗೆ? ರಕ್ತವೆಲ್ಲ ಕೆಳಗಿಳಿದುಬಿಟ್ಟಿತೆ? ಬೆದರಿಕೆಯೆ? ಹೊಟ್ಟೆಗಿಲ್ಲದ್ದರಿಂದಲೆ? ಈ ಪ್ರಶ್ನೆಗೆ ಬಲು ಸೊಗಸಾದ ಉತ್ತರವೊಂದು 2002ರಲ್ಲಿ ಬಂತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ನಡೆದ ಪ್ರಯೋಗಗಳಲ್ಲೆಲ್ಲ ಅದಕ್ಕೇ ಮೊದಲ ಮಣೆ.

ನಮ್ಮ ಒಳಕಿವಿಯಲ್ಲಿ, ಕೇಳುವ ಅಂಗದ ಪಕ್ಕದಲ್ಲೇ, ಎರಡು ಪುಟ್ಟ ಚೀಲಗಳಿವೆ. ಅವುಗಳೊಳಗೆ ಸೂಕ್ಷ್ಮವಾದ ಕೂದಲುಗಳ ಹಾಸು, ಹಾಸಿನ ಮೇಲೊಂದು ಲೋಳೆಯ ಪದರ, ಪದರದ ಮೇಲೆ ಹರಡಿದ ಕಿರುಹರಳುಗಳು. ಕ್ಯಾಲ್ಸಿಯಂ ಕಾರ್ಬೊನೇಟು ಅದು, ಸುಣ್ಣಕಲ್ಲಿನ ವಸ್ತುವೇ. ತಲೆ ವಾಲಿದರೆ ಹರಳುಗಳ ಭಾರ ಒಂದು ಬದಿಗೆ ಜಗ್ಗುತ್ತದೆ, ಕೂದಲು ಬಾಗುತ್ತದೆ, ಕೆಳಗು ಯಾವುದು ಎಂಬ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಹುಟ್ಟಿನಿಂದಲೇ ಈ ಹರಳುಗಳಿಲ್ಲದ ಒಂದು ತಳಿಯ ಚಿಟ್ಟಿಲಿಗಳುಂಟು. ಕಿವಿ ಕೇಳಿಸುತ್ತದೆ, ಓಡಾಡುತ್ತವೆ. ನೀರಿಗೆ ಬಿಟ್ಟರೆ ಮಾತ್ರ ಮೇಲು ಕೆಳಗು ತಿಳಿಯದೆ ಹೊರಳಾಡುತ್ತವೆ. ಡೇವಿಸ್‌ನ ಸಂಶೋಧಕರು ಈ ಹರಳುಗೇಡಿ ಇಲಿಗಳನ್ನೂ ಸಾಮಾನ್ಯ ಇಲಿಗಳನ್ನೂ ಇಮ್ಮಡಿ ಗುರುತ್ವದಲ್ಲಿ ಸುತ್ತಿಸಿದರು. ಸಾಮಾನ್ಯ ಇಲಿಗಳ ಮೈ ತಟ್ಟನೆ ತಣ್ಣಗಾಯಿತು, ದಿನದ ಲಯ ಕೆಟ್ಟಿತು. ಹರಳಿಲ್ಲದ ಇಲಿಗಳಲ್ಲಿ ಆ ಕುಸಿತ ಕಾಣಿಸಲಿಲ್ಲ. ಅವುಗಳ ಮೈಯೂ ಇಮ್ಮಡಿ ಭಾರವಾಗಿತ್ತು, ಅವುಗಳ ರಕ್ತಕ್ಕೂ ಇಮ್ಮಡಿ ಸೆಳೆತವಿತ್ತು. ಇಲ್ಲದ್ದು ಸುದ್ದಿ ಮಾತ್ರ.

ಎಂದರೆ, ಊರಿಗೆ ಬರ ಬಂದದ್ದಕ್ಕಲ್ಲ, ಬರ ಬಂತೆಂಬ ಸುದ್ದಿ ಬಂದದ್ದಕ್ಕೆ ಉಗ್ರಾಣಿ ಕಣಜದ ಬಾಗಿಲು ಹಾಕಿದ್ದ. ಸಮತೋಲ ನೋಡಿಕೊಳ್ಳುವುದಕ್ಕೆಂದು ಇರುವ ಅಂಗ ಒಳಗಿಂದೊಳಗೆ ಮೈಯ ಒಲೆಗೂ ಒಂದು ದಾರಿ ಇಟ್ಟುಕೊಂಡಿದೆ. ನಾನು ಪಾಠ ಹೇಳುವಾಗ ಒಳಕಿವಿ ಒಂದು ಅಧ್ಯಾಯ, ಉಷ್ಣನಿಯಂತ್ರಣ ಬೇರೊಂದು ಅಧ್ಯಾಯ. ನಡುವೆ ನೂರಾರು ಪುಟಗಳು. ದೇಹಕ್ಕೆ ಆ ಪುಟಗಳ ಪರಿವೆ ಇರಲಿಲ್ಲ.

ಇನ್ನು ಕೋತಿಗಳ ಮಾತು. ಇದನ್ನು ಹೇಳದೆ ಬಿಡಬಹುದಿತ್ತು; ಬಿಟ್ಟರೆ ಸರಿಯಲ್ಲ. 1969ರ ಜೂನ್ ಕೊನೆಯಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಡಲು ಮೂರು ವಾರವಿರುವಾಗ, ಅಮೆರಿಕದವರು ಬಾನಿ ಎಂಬ ಕೋತಿಯನ್ನು ಬಯೋಸ್ಯಾಟಲೈಟ್ ಮೂರು ಎಂಬ ಉಪಗ್ರಹದಲ್ಲಿ ಮೇಲಕ್ಕೆ ಕಳುಹಿಸಿದರು. ಹಂದಿಯಂಥ ಮೋಟು ಬಾಲದ ಜಾತಿ ಅದು. ತೂಕ ಆರು ಕಿಲೋಗ್ರಾಮಿನಷ್ಟು. ಮಿದುಳಿನಲ್ಲಿ, ರಕ್ತನಾಳಗಳಲ್ಲಿ ತಂತಿ ನಳಿಗೆಗಳನ್ನಿಟ್ಟು, ಆಸನಕ್ಕೆ ಬಿಗಿದು ಕೂರಿಸಿದ್ದರು. ಮೂವತ್ತು ದಿನ ಅಲ್ಲಿರಬೇಕೆಂದು ಯೋಜನೆ. ಅದರ ಮೈಯ ಉಷ್ಣತೆ ಇಳಿಯಿತು. ಇಪ್ಪತ್ತನಾಲ್ಕು ಗಂಟೆಯ ಲಯ ಜಾರಿ, ದಿನದಿನಕ್ಕೆ ಹಿಂದೆಬೀಳುತ್ತ ಹೋಯಿತು. ಮೈಯ ನೀರು ಕಡಮೆಯಾಯಿತು, ಊಟ ನಿಂತಿತು. ಒಂಬತ್ತು ದಿನ ತುಂಬುವ ಮುನ್ನವೇ ಅದನ್ನು ಹವಾಯಿಯ ಬಳಿ ಕೆಳಗಿಳಿಸಿದರು. ಇಳಿದ ಕೆಲವು ಗಂಟೆಗಳಲ್ಲಿ ಅದು ಸತ್ತಿತು. ಜಗತ್ತು ಆಗ ಚಂದ್ರನ ಕಡೆಗೆ ನೋಡುತ್ತಿತ್ತು.

ನನ್ನ ಕೈಯಿಂದಲೂ ಇಲಿ ಕಪ್ಪೆಗಳು ಸತ್ತಿವೆ. ಆದ್ದರಿಂದ ದೊಡ್ಡ ಮಾತನಾಡುವ ಹಕ್ಕು ನನಗಿಲ್ಲ. ಆದರೆ ಅಷ್ಟೊಂದು ತಂತಿಗಳನ್ನು ಚುಚ್ಚಿ, ಕೈಕಾಲಾಡದಂತೆ ಬಿಗಿದು ಕೂರಿಸಿದ ಪ್ರಾಣಿಯ ಮೈ ತಣ್ಣಗಾದುದರಲ್ಲಿ ತೂಕವಿಲ್ಲದ್ದರ ಪಾಲೆಷ್ಟು, ಸಂಕಟದ ಪಾಲೆಷ್ಟು ಎಂದು ಬೇರ್ಪಡಿಸುವುದು ಯಾರಿಂದಲೂ ಆಗದು. ಪ್ರಾಣಿಯನ್ನು ನೋಯಿಸಿ ಪಡೆದ ಅಂಕೆ ಹಲವು ವೇಳೆ ನೋವಿನ ಅಂಕೆಯೇ ಆಗಿರುತ್ತದೆ.

ಇದಕ್ಕಿಂತ ನೆಚ್ಚಬಹುದಾದ ಲೆಕ್ಕ ಬಂದದ್ದು ಸೋವಿಯತ್ ಒಕ್ಕೂಟದಿಂದ. 1983ರ ಡಿಸೆಂಬರಿನಲ್ಲಿ ಕಾಸ್ಮಾಸ್ 1514 ಉಪಗ್ರಹದಲ್ಲಿ ಅಬ್ರೆಕ್, ಬಿಯಾನ್ ಎಂಬ ಎರಡು ರೀಸಸ್ ಕೋತಿಗಳು ಐದು ದಿನ ಭೂಮಿಯನ್ನು ಸುತ್ತಿ ಜೀವಂತವಾಗಿ ಮರಳಿದವು. ಅಮೆರಿಕದ ವಿಜ್ಞಾನಿಗಳೂ ಆ ಪ್ರಯೋಗದಲ್ಲಿ ಜೊತೆಗೂಡಿದ್ದರು. ಶೀತಲಯುದ್ಧದ ಆ ದಿನಗಳಲ್ಲಿ ಎರಡು ಕೋತಿಗಳ ಕಂಕುಳು ಅವರನ್ನು ಒಂದು ಮೇಜಿನ ಮುಂದೆ ಕೂರಿಸಿತ್ತು! ಎರಡು ಕೋತಿಗಳಿಗೂ ಕಂಕುಳಿನ ಉಷ್ಣತೆ ನೆಲದ ಮೇಲಿದ್ದುದಕ್ಕಿಂತ ಕಡಮೆಯಾಗಿತ್ತು. ರಾತ್ರಿಯ ಹೊತ್ತು ಮುಕ್ಕಾಲು ಡಿಗ್ರಿಯಷ್ಟು ವ್ಯತ್ಯಾಸ. ಇಲ್ಲಿಯೂ ದಿನದ ಲಯ ಕರಾರುವಾಕ್ಕಾಗಿ ಇಪ್ಪತ್ತನಾಲ್ಕು ಗಂಟೆಗೆ ನಿಲ್ಲಲಿಲ್ಲ. ಈ ಫಲಿತಾಂಶ ವಿವರವಾಗಿ ಅಚ್ಚಾದದ್ದು 1992ರಲ್ಲಿ. ಅಳತೆ ನಡೆದದ್ದು ಮಾತ್ರ, ನನ್ನ ತರಗತಿಯ ಹುಡುಗ ಎದ್ದು ನಿಲ್ಲುವುದಕ್ಕೆ ಆರು ತಿಂಗಳು ಮುಂಚೆ.

ಹಾಗಾದರೆ ಮನುಷ್ಯನ ಮೈಯೂ ಅಲ್ಲಿ ತಣ್ಣಗಾಗಬೇಕಲ್ಲವೆ? ಇಲ್ಲಿ ಕಥೆ ಮತ್ತೊಮ್ಮೆ ತಿರುವು ಪಡೆಯುತ್ತದೆ. ಬರ್ಲಿನ್ನಿನ ಶಾರಿಟೆ ವೈದ್ಯಕೀಯ ಸಂಸ್ಥೆಯ ಹಾನ್ಸ್-ಕ್ರಿಶ್ಚಿಯನ್ ಗುಂಗ ಮತ್ತು ಸಂಗಡಿಗರು ಹಣೆಗೆ ಕಟ್ಟಿಕೊಳ್ಳುವ ಒಂದು ಅಳತೆಯ ಸಾಧನವನ್ನು ರೂಪಿಸಿದರು. ಚರ್ಮದ ಮೂಲಕ ಹರಿದುಬರುವ ಶಾಖವನ್ನು ಅಳೆದು ಒಳಗಿನ ಉಷ್ಣತೆಯನ್ನು ಲೆಕ್ಕಹಾಕುತ್ತದೆ ಅದು. ಅಮ್ಮಂದಿರು ಹಣೆಯ ಮೇಲೆ ಅಂಗೈಯಿಟ್ಟು ಮಾಡುತ್ತ ಬಂದ ಕೆಲಸವೇ. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇದ್ದ ಹನ್ನೊಂದು ಮಂದಿಯನ್ನು ಹೋಗುವ ಮುಂಚೆ, ಅಲ್ಲಿದ್ದಾಗ, ಮರಳಿದ ಮೇಲೆ ಅಳೆದರು. 2017ರಲ್ಲಿ ಪ್ರಕಟವಾದ ಫಲಿತಾಂಶ ಇದು: ಸುಮ್ಮನೆ ವಿಶ್ರಮಿಸುವಾಗಲೂ ಅವರ ಮೈಯ ಉಷ್ಣತೆ ಮೆಲ್ಲಮೆಲ್ಲನೆ ಏರುತ್ತ, ಎರಡೂವರೆ ತಿಂಗಳ ಹೊತ್ತಿಗೆ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿ, ಮೂವತ್ತೆಂಟರ ಸುತ್ತಮುತ್ತ ನಿಂತಿತ್ತು. ವ್ಯಾಯಾಮ ಮಾಡುವಾಗ ನೆಲದ ಮೇಲಿಗಿಂತ ಬೇಗನೆ ಏರಿ, ಹಲವು ಬಾರಿ ನಲವತ್ತನ್ನೂ ದಾಟುತ್ತಿತ್ತು.

ನಮ್ಮ ಮನೆಗಳಲ್ಲಿ ಮೂವತ್ತೆಂಟು ಕಂಡರೆ ಮಕ್ಕಳನ್ನು ಶಾಲೆಗೆ ಕಳುಹಿಸುವುದಿಲ್ಲ. ಮೆಣಸಿನ ಕಷಾಯ ಕುದಿಯಲು ಹತ್ತುತ್ತದೆ.

ಏರಿದ್ದೇಕೆ? ಗಾಳಿ ತಾನಾಗಿ ಹರಿಯದು, ಬೆವರು ಸರಿಯಾಗಿ ಆರದು ಎಂಬ ಕಾರಣವನ್ನು ಆಗಲೇ ಹೇಳಿದೆ. ಮೂಳೆ ಸ್ನಾಯುಗಳು ಕರಗದಿರಲೆಂದು ದಿನಕ್ಕೆ ಎರಡು ಗಂಟೆಯಷ್ಟು ಮಾಡಲೇಬೇಕಾದ ವ್ಯಾಯಾಮವೂ ಒಂದು ಕಾರಣ. ಆದರೆ ಅವು ಮೊದಲ ದಿನದಿಂದಲೇ ಇರುವ ಸಂಗತಿಗಳು. ಉಷ್ಣತೆಯಾದರೋ ವಾರಗಟ್ಟಲೆ ನಿಧಾನವಾಗಿ ಏರಿತ್ತು. ರಕ್ತಪರೀಕ್ಷೆಯಲ್ಲಿ, ಉರಿಯೂತದ ಸಂದರ್ಭದಲ್ಲಿ ದೇಹ ಸ್ರವಿಸುವ ಒಂದು ಪ್ರೋಟೀನು ಉಷ್ಣತೆಯ ಜೊತೆಜೊತೆಗೇ ಹೆಚ್ಚಿದ್ದು ಕಂಡಿತು. ಎಂದರೆ ಅದು ಬರಿಯ ಸೆಕೆಯಲ್ಲ, ಜ್ವರದ ದಾಯಾದಿಯಂಥದೇನೋ ಒಂದು ಅದರಲ್ಲಿ ಬೆರೆತಿದೆ ಎಂದು ಅನುಮಾನಿಸಲು ಆಧಾರವುಂಟು. ಇದಕ್ಕೆ ಮೊದಲೇ, ಮೀರ್ ನಿಲ್ದಾಣದಲ್ಲಿ 115 ದಿನ ಇದ್ದು ಬಂದ ಇಬ್ಬರನ್ನು ಪರೀಕ್ಷಿಸಿದಾಗ, ವ್ಯಾಯಾಮದಲ್ಲಿ ಅವರ ಮೈ ಶಾಖವನ್ನು ಹೊರಚೆಲ್ಲುವ ಶಕ್ತಿ ಕುಗ್ಗಿದ್ದುದು ಗೊತ್ತಾಗಿತ್ತು. ಕೋತಿಗಳದು ಐದು ದಿನದ ಲೆಕ್ಕ, ಮನುಷ್ಯರದು ತಿಂಗಳುಗಳ ಲೆಕ್ಕ. ಕೋತಿ ಕಟ್ಟಿಹಾಕಿ ಕೂರಿಸಿದ್ದು, ಮನುಷ್ಯ ಓಡುವ ಪಟ್ಟಿಯ ಮೇಲೆ ಓಡಿದವನು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಜಗಳ ಹಚ್ಚುವುದು ಸಾಧುವಲ್ಲ.

ಒಂದು ಡಿಗ್ರಿ ಎಂದರೆ ಯಾವ ಮಹಾ ಎನ್ನಬಹುದು. ಮಂಗಳನವರೆಗೆ ಹೋಗಿಬರಲು ಎರಡೂವರೆ ವರ್ಷಕ್ಕೆ ಹತ್ತಿರ ಬೇಕು. ಅಷ್ಟು ಕಾಲ ಮೂವತ್ತೆಂಟರಲ್ಲಿ ಉಳಿದ ಮನುಷ್ಯ ಇದುವರೆಗೆ ಯಾವ ವೈದ್ಯನ ಮುಂದೆಯೂ ಕುಳಿತಿಲ್ಲ. ಮಿದುಳು ಬಿಸಿಗೆ ಮೊದಲು ಸೋಲುವ ಅಂಗ. ಅಲ್ಲಿ ನೌಕೆ ನಡೆಸುವವನೂ ತಪ್ಪು ಎಣಿಸಿದರೆ ತಿದ್ದಿಕೊಳ್ಳಬೇಕಾದವನೂ ಅವನೇ. ಸೋವಿಯತ್ ವಿಜ್ಞಾನಿಗಳು 1977ರಷ್ಟು ಹಿಂದೆಯೇ ಕಾಸ್ಮಾಸ್ 936ರಲ್ಲಿ ಪುಟ್ಟದೊಂದು ಗಿರಕಿ ಯಂತ್ರವನ್ನಿಟ್ಟು, ಅಂತರಿಕ್ಷದಲ್ಲೇ ಇಲಿಗಳಿಗೆ ಭೂಮಿಯ ತೂಕವನ್ನು ಮರಳಿ ಕೊಟ್ಟು ನೋಡಿದ್ದರು. ಮನುಷ್ಯರಿಗೂ ಹಾಗೆ ನೌಕೆಯನ್ನೇ ತಿರುಗಿಸಿ ತೂಕ ಕೊಡಬಾರದೆ ಎಂಬುದು ಹಳೆಯ ಯೋಚನೆ. ಆದರೆ ಇಲಿಯ ಕಿವಿಯ ಹರಳಿನ ಕಥೆ ಕೇಳಿದ ಮೇಲೆ, ಎಷ್ಟು ತೂಕ, ಎಷ್ಟು ಹೊತ್ತು ಎಂಬುದನ್ನು ಬಹಳ ಎಚ್ಚರದಿಂದ ಅಳೆಯಬೇಕೆಂದು ನನಗೆ ತೋರುತ್ತದೆ.

ನಮ್ಮ ಬೆಂಗಳೂರಿನಲ್ಲಿಯೂ ವಾಯುಪಡೆಯ ವೈದ್ಯಕೀಯ ಸಂಸ್ಥೆಯಲ್ಲಿ ಮನುಷ್ಯರನ್ನು ಕೂರಿಸಿ ಸುತ್ತಿಸುವ ಯಂತ್ರವಿದೆ. ಯುದ್ಧವಿಮಾನದ ಚಾಲಕರು ಅದರಲ್ಲಿ ಕುಳಿತು ಹಲವು ಮಡಿ ತೂಕವನ್ನು ತಾಳಿಕೊಳ್ಳುವ ಅಭ್ಯಾಸ ಮಾಡುತ್ತಾರೆ, ಆದರೆ ಅದು ಕ್ಷಣಗಳ ಮಾತು. ಮೈಯ ಕಾವಿಗೆ ಸುದ್ದಿ ಮುಟ್ಟುವುದರೊಳಗೆ ಇಳಿದಿರುತ್ತಾರೆ. 2025ರ ಜೂನ್-ಜುಲೈಯಲ್ಲಿ ಶುಭಾಂಶು ಶುಕ್ಲ ಅವರು ಅಂತರಿಕ್ಷ ನಿಲ್ದಾಣದಲ್ಲಿ ಹದಿನೆಂಟು ದಿನ ಇದ್ದು ಬಂದರು. ಎರಡೂವರೆ ತಿಂಗಳ ಆ ನಿಧಾನವಾದ ಏರಿಕೆಯಲ್ಲಿ ಹದಿನೆಂಟು ದಿನವೆಂದರೆ ಮೊದಲ ಕೆಲವು ಮೆಟ್ಟಿಲುಗಳಷ್ಟೆ.

ಆ ಹಿಂದಿನ ಬೆಂಚಿನ ಹುಡುಗ ಈಗ ಮಲೆನಾಡಿನ ಒಂದು ಊರಿನಲ್ಲಿ ವೈದ್ಯ. ಅವನ ಕೂದಲೂ ನೆರೆತಿದೆ. ಬರ್ಲಿನ್ನಿನವರ ಲೇಖನವನ್ನು ಓದಿದ ದಿನ ಅವನ ವಿಳಾಸ ಹುಡುಕಿ ಕಾಗದ ಬರೆದೆ. ನೀನು ಅಂದು ಕೇಳಿದ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ತರ ತಪ್ಪಾಗಿತ್ತು ಎಂದು ಒಪ್ಪಿಕೊಂಡು, ಮೇಲಿನ ವಿವರವನ್ನೆಲ್ಲ ನಾಲ್ಕು ಪುಟ ತುಂಬಿಸಿದ್ದೆ. ಹದಿನೈದು ದಿನಕ್ಕೆ ಉತ್ತರ ಬಂತು. ಗುರುಗಳಿಗೆ ಸಾಷ್ಟಾಂಗ ನಮಸ್ಕಾರ, ಕಾಗದ ಓದಿ ಬಹಳ ಸಂತೋಷವಾಯಿತು, ಆದರೆ ಅಂಥ ಪ್ರಶ್ನೆಯನ್ನು ತಾನು ಕೇಳಿದ ನೆನಪಿಲ್ಲ, ಬಹುಶಃ ಪಕ್ಕದಲ್ಲಿ ಕೂರುತ್ತಿದ್ದವನಿರಬೇಕು ಎಂದು ಬರೆದು, ಕೆಳಗೆ ಆ ಪಕ್ಕದವನ ವಿಳಾಸವನ್ನೂ ಕೊಟ್ಟಿದ್ದ.